ಕಟ್ಟಕಡೆಯ ಕೇರಿಯಲ್ಲಿ ದೊರೆಯ ಎಣ್ಣೆಸ್ನಾನ

ಕೆಂಚಾಪುರದ ದೊರೆ ಕೆಂಚನಾಯಕನಿಗೆ ತಾನು ಕಟ್ಟಿದ ಹೊಸ ಊರಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಬೆಳಗಾದರೆ ಸಾಕು, ಅರಮನೆಯ ಉಪ್ಪರಿಗೆ ಹತ್ತಿ ತುಂಬಿದ ಕೆರೆ ನೋಡಿ ಮೀಸೆ ತಿರುವುತ್ತಿದ್ದ.

"ಕೆರೆ ಕಟ್ಟಿಸಿದೆ, ಕಾಲುವೆ ತೋಡಿಸಿದೆ, ಬಂದವರಿಗೆಲ್ಲ ಮನೆ ಕಟ್ಟಲು ಜಾಗ ಕೊಟ್ಟೆ. ಇಂಥ ಊರು ಬಿಟ್ಟು ಹೋಗುವವನಿಗೆ ತಲೆ ಕೆಟ್ಟಿರಬೇಕು," ಎಂದು ಸಭೆಯಲ್ಲಿ ಕೊಚ್ಚಿಕೊಂಡ.

"ಹಾಗಾದರೆ ನೇಕಾರರ ಕೇರಿಗೆ ಕೇರಿಗೇ ತಲೆ ಕೆಟ್ಟಿದೆ, ಬುದ್ಧಿ. ನಾಳಿದ್ದು ಮಗ್ಗ ಬಿಚ್ಚಿ ಗಾಡಿಗೆ ಹೇರುತ್ತಾರಂತೆ," ಎಂದ ಆಸ್ಥಾನದ ವಿದೂಷಕ ಮಾಳಿಂಗಯ್ಯ.

ಆ ನೇಕಾರರನ್ನು ದೂರದಿಂದ ಕರೆತಂದವನು ಮಾಳಿಂಗಯ್ಯನೇ. 'ನೀರಿಗೆ ನಾನು ಹೊಣೆ' ಎಂದು ಮಾತು ಕೊಟ್ಟಿದ್ದ. ಈಗ ಆ ಕೇರಿಯ ಹೆಂಗಸರಿಗೆ ಮುಖ ತೋರಿಸಲು ನಾಚಿ ಸುತ್ತುದಾರಿ ಹಿಡಿದು ಓಡಾಡುತ್ತಿದ್ದ.

"ಯಾಕೆ ಹೋಗುತ್ತಾರಂತೆ?"

"ಕಾಲುವೆಯಲ್ಲಿ ನೀರಿಲ್ಲ. ನೂಲಿಗೆ ಬಣ್ಣ ಹಾಕುವುದಿರಲಿ, ಅನ್ನಕ್ಕೆ ಎಸರಿಡಲೂ ಇಲ್ಲ."

"ಸುಳ್ಳು. ಕೆರೆ ತುಂಬಿದೆ, ನಾನೇ ನೋಡಿದ್ದೇನೆ. ಹೊಸ ಬಾವಿ ಗೀವಿ ಅಂತ ಕೇಳಬೇಡ. ಹೇಗಾದರೂ ಅವರನ್ನು ನಿಲ್ಲಿಸು. ಅವರು ಹೊರಟರೆ ಅದೇ ಗಾಡಿಗೆ ನೀನೂ ಹತ್ತಿಕೋ."

ಮಾಳಿಂಗಯ್ಯ ತಲೆ ಕೆರೆದುಕೊಂಡ. "ಊರು ನಿಲ್ಲಬೇಕಾದರೆ ಒಂದು ಶಾಸ್ತ್ರ ಬಾಕಿ ಇದೆ, ಬುದ್ಧಿ. ಊರು ಕಟ್ಟಿಸಿದ ದೊರೆ ಕಟ್ಟಕಡೆಯ ಕೇರಿಯಲ್ಲಿ ಎಣ್ಣೆಸ್ನಾನ ಮಾಡಬೇಕು. ಅಲ್ಲಿಯ ಕಾಲುವೆಯ ನೀರೇ ಆಗಬೇಕು, ಹೊತ್ತು ತಂದದ್ದು ಸಲ್ಲದು."

"ಯಾವ ಶಾಸ್ತ್ರದಲ್ಲಿದೆ?"

"ನಮ್ಮಜ್ಜಿ ಹೇಳುತ್ತಿದ್ದಳು. ಅವಳ ಎದುರು ಯಾವ ಶಾಸ್ತ್ರಿಯೂ ಬಾಯಿ ಬಿಟ್ಟವನಲ್ಲ."

ಎಣ್ಣೆಸ್ನಾನವೆಂದರೆ ದೊರೆಗೆ ಪ್ರಾಣ. ಮರುದಿನವೇ ಊರಿನ ಕೊನೆಗಿದ್ದ ನೇಕಾರರ ಕೇರಿಯಲ್ಲಿ ಮಣೆ ಹಾಕಿಸಿ ಕೂತ. ಜಟ್ಟಿಯೊಬ್ಬ ಹರಳೆಣ್ಣೆ ಸುರಿದು ನೆತ್ತಿಯಿಂದ ಹಿಮ್ಮಡಿಯವರೆಗೂ ತಿಕ್ಕಿದ. ಸೀಗೆಪುಡಿ ಬಂತು. ನೀರು ಬರಲಿಲ್ಲ.

ಬಿಸಿಲು ಏರಿತು. ಎಣ್ಣೆ ಕಣ್ಣಿಗಿಳಿಯಿತು. ನೊಣಗಳು ಬಂದು ದೊರೆಯ ಬೆನ್ನಿನ ಮೇಲೆ ಸಭೆ ಸೇರಿದವು. ಕೇರಿಯ ಹೆಂಗಸರು ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗಿಟ್ಟು ನಿಂತರು.

"ಒಂದು ತಂಬಿಗೆಯಾದರೂ ತನ್ನಿರೋ," ಎಂದ ದೊರೆ.

"ಎಲ್ಲಿಂದ ತರೋಣ, ಬುದ್ಧಿ? ನಮ್ಮ ದಿನವೂ ಹೀಗೇ," ಎಂದಳು ಮುದುಕಿಯೊಬ್ಬಳು.

ದೊರೆಗೆ ರೇಗಿಹೋಯಿತು. "ನೀರು ತಡೆದವನು ಯಾರೇ ಆಗಲಿ, ಅವನ ಕೈ ಕಡಿಸುತ್ತೇನೆ," ಎಂದು ಕಾಲುವೆಯ ದಂಡೆ ಹಿಡಿದು ಹೊರಟೇಬಿಟ್ಟ. ಮೈಮೇಲೆ ಒಂದು ಪಂಚೆ, ಉಳಿದದ್ದೆಲ್ಲ ಎಣ್ಣೆ. ಹಿಂದೆ ಮಾಳಿಂಗಯ್ಯ, ಅವನ ಹಿಂದೆ ಕೇರಿಗೆ ಕೇರಿಯೇ.

ಅರ್ಧ ದಾರಿಯಲ್ಲಿ ದಳವಾಯಿಯ ಕಬ್ಬಿನ ಗದ್ದೆ. ಕಾಲುವೆಗೆ ಅಡ್ಡಲಾಗಿ ಮಣ್ಣಿನ ಒಡ್ಡು, ಅದರ ಮೇಲೆ ದಳವಾಯಿಯೇ ನಿಂತಿದ್ದ.

"ಚಾಚು ಕೈ," ಎಂದ ದೊರೆ.

ದಳವಾಯಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. "ಮೇಲಿಂದ ಬರುವುದೇ ಇಷ್ಟು, ಮಹಾಸ್ವಾಮಿ. ಕಡಿಸುವುದಾದರೆ ಮೇಲೆ ತಡೆದವನ ಕೈ ಮೊದಲು ಕಡಿಸಿ."

ದೊರೆ ಇನ್ನೂ ರಭಸದಿಂದ ನಡೆದ. ಕೆರೆಯ ತೂಬಿನ ಬಳಿ ಬಂದು ನೋಡಿದರೆ, ಹೊರಬಿದ್ದ ನೀರಿನ ಬಹುಪಾಲನ್ನು ಕಲ್ಲಿನ ಒಡ್ಡೊಂದು ಅರಮನೆಯ ತಾವರೆಕೊಳಕ್ಕೆ ತಿರುಗಿಸಿತ್ತು. ಕೊಳ ತುಂಬಿ ಹೆಚ್ಚಾದದ್ದು ಹಿಂದಿನ ಹಳ್ಳಕ್ಕೆ ಹರಿದು ಹಾಳಾಗುತ್ತಿತ್ತು. ನಾಲ್ಕು ಹಂಸಗಳು ಸುಖವಾಗಿ ತೇಲುತ್ತಿದ್ದವು.

"ಯಾರು ಕಟ್ಟಿಸಿದ್ದು ಇದನ್ನು?"

ಕಾವಲಿನವನು ನಡುಬಗ್ಗಿಸಿದ. "ತಮ್ಮದೇ ಅಪ್ಪಣೆ, ಮಹಾಸ್ವಾಮಿ. ಹಂಸಗಳಿಗೆ ನೀರು ಕಡಿಮೆಯಾಗಬಾರದು ಅಂದಿದ್ದಿರಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಮಾತು ಎಲ್ಲರ ನಾಲಿಗೆಯ ತುದಿಯಲ್ಲಿತ್ತು, ಆಡುವ ಧೈರ್ಯ ಯಾರಿಗೂ ಇರಲಿಲ್ಲ. ದೊರೆ ತನ್ನ ಎಣ್ಣೆಗೈಗಳನ್ನೇ ನೋಡುತ್ತ ನಿಂತ.

ಮಾಳಿಂಗಯ್ಯ ಮೆಲ್ಲಗೆ ಹತ್ತಿರ ಬಂದು ಹೇಳಿದ, "ಕೈ ಕಡಿಸುವುದು ಇವತ್ತು ಬೇಡ, ಬುದ್ಧಿ. ಮೈ ತಿಕ್ಕಿಕೊಳ್ಳಲು ಬೇಕಾಗುತ್ತದೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನೇ ಬಗ್ಗಿ ಒಡ್ಡಿನ ಕಲ್ಲು ಕಿತ್ತ. ಎಣ್ಣೆಗೈಯಿಂದ ಕಲ್ಲುಗಳು ಜಾರಿದವು, ನೇಕಾರರು ಕೈಜೋಡಿಸಿದರು. ದಾರಿಯಲ್ಲಿ ದಳವಾಯಿ ಯಾರೂ ಹೇಳುವ ಮೊದಲೇ ತನ್ನ ಒಡ್ಡು ಒಡೆದಿದ್ದ.

ಸಂಜೆಯ ಹೊತ್ತಿಗೆ ಕಟ್ಟಕಡೆಯ ಕೇರಿಯಲ್ಲಿ ದೊರೆಯ ತಲೆಯ ಮೇಲೆ ನೀರು ಬಿತ್ತು. ನೇಕಾರರು ಗೊತ್ತುಮಾಡಿದ್ದ ಗಾಡಿಗಳನ್ನು ಹಿಂದಕ್ಕೆ ಕಳಿಸಿದರು. ಮಾಳಿಂಗಯ್ಯ ಬಹಳ ದಿನಗಳ ಮೇಲೆ ಆ ಕೇರಿಯ ನಡುವೆ ತಲೆಯೆತ್ತಿ ನಡೆದ.

"ಏನು ಬೇಕು ಕೇಳು, ಕೊಡುತ್ತೇನೆ," ಎಂದ ದೊರೆ, ತಲೆ ಒರೆಸಿಕೊಳ್ಳುತ್ತ.

"ವಾರಕ್ಕೊಮ್ಮೆ ಇಲ್ಲೇ ಎಣ್ಣೆ ಹಚ್ಚಿಕೊಳ್ಳಿ, ಬುದ್ಧಿ," ಎಂದ ಮಾಳಿಂಗಯ್ಯ. "ಕಾಲುವೆ ಕಾಯಲು ಬೇರೆ ಆಳು ಬೇಕಾಗುವುದಿಲ್ಲ."