ನಡುಹೊಳೆಯಲ್ಲಿ ನಿಂತ ಬುತ್ತಿ

ಹೊಳೆಯ ಈಚೆ ದಂಡೆಯಲ್ಲಿ ಒಂದು ಸಣ್ಣ ಮಠ. ಆಚೆ ದಂಡೆಯಲ್ಲಿ ಒಂದೇ ಒಂದು ಗುಡಿಸಲು. ಎರಡರ ನಡುವೆ, ಮರದಿಂದ ಮರಕ್ಕೆ ಬಿಗಿದ ದಪ್ಪ ಹಗ್ಗ.

ಆ ಹಗ್ಗವನ್ನು ಜಗ್ಗಿಕೊಂಡೇ ಹರಗೋಲಿನಲ್ಲಿ ದಾಟಬೇಕು. ಒಂದು ಕೈ ಹಿಡಿದ ಮೇಲೆ ಇನ್ನೊಂದು ಕೈ ಬಿಡಬೇಕು, ಅದು ಹಿಡಿದ ಮೇಲೆ ಇದು. ಹರಗೋಲಿಗೆ ಕಟ್ಟಿದ ಕುಣಿಕೆ ಹಗ್ಗದ ಮೇಲೆ ಜಾರುತ್ತಿರುವುದರಿಂದ ಕೊಚ್ಚಿಹೋಗುವ ಭಯವಿಲ್ಲ. ಆದರೆ ಜಗ್ಗುವುದು ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ.

ಗುಡಿಸಲಿನಲ್ಲಿ ನಿಂಗಜ್ಜ ಇದ್ದ. ಹಿಂದೆ ಇದೇ ಹೊಳೆಯ ಅಂಬಿಗ. ಈಗ ಸೊಂಟ ಬಿದ್ದು ಬಾಗಿಲಲ್ಲಿ ಕೂತವನು.

ಮಠಕ್ಕೆ ಶಿಷ್ಯರಾಗಿ ಬಂದವರಿಗೆ ಮೊದಲ ವರ್ಷ ಒಂದೇ ಸೇವೆ: ಅಡುಗೆಮನೆಯಲ್ಲಿ ಕಟ್ಟಿಕೊಟ್ಟ ಬುತ್ತಿಯನ್ನು ದಿನವೂ ನಿಂಗಜ್ಜನ ಕೈಗೆ ಮುಟ್ಟಿಸುವುದು. ದಾರಿಯಲ್ಲಿ ಗಂಟು ಬಿಚ್ಚುವಂತಿಲ್ಲ. ಮಂತ್ರ ಇಲ್ಲ, ಪಾಠ ಇಲ್ಲ. ಎಷ್ಟೋ ಜನ ಇದನ್ನು ಕೇಳಿಯೇ ವಾಪಸು ಬಸ್ಸು ಹತ್ತಿದ್ದರು. ಮಠದ ಗುರುಗಳು ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಅವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

ಒಂದು ದಿನ ಅಲ್ಲಿಗೆ ನೀಲಾಂಬಿಕೆ ಬಂದಳು. ಮೂವತ್ತೊಂದು ವರ್ಷ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವಳು. ಕೈಯಲ್ಲಿ ಅಂಟು ಬಿಚ್ಚದ ಒಂದು ಲಕೋಟೆ.

ಲಕೋಟೆಯನ್ನು ಅಜ್ಜಾರ ಪಾದದ ಹತ್ತಿರ ಇಟ್ಟಳು.

“ನನಗ ದೀಕ್ಷಾ ಕೊಡ್ರಿ ಅಜ್ಜಾರ. ಇದನ್ನ ನೀವೇ ಇಟಗೋರಿ. ಎಂದೂ ತೆಗೀಬ್ಯಾಡ್ರಿ.”

“ಏನೈತವ್ವ ಇದರಾಗ?”

“ನನ್ನ ರಕ್ತದ ಪರೀಕ್ಷಾ ವರದಿ.”

ಅಜ್ಜಾರು ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಹಿಂದೆ ಇಟ್ಟುಬಂದರು.

“ನಾಳಿಂದ ಬುತ್ತಿ ಒಯ್ಯಿ” ಎಂದರು, ಅಷ್ಟೇ.

ನೀಲಾಂಬಿಕೆ ಒಯ್ದಳು. ಮೊದಲ ವಾರ ಅಂಗೈಗೆ ಬೊಬ್ಬೆ ಬಂದವು. ಎರಡನೇ ವಾರ ಒಡೆದವು. ಮೂರನೇ ವಾರದ ಹೊತ್ತಿಗೆ ಕೈಗಳು ತಾವಾಗಿಯೇ ಹಗ್ಗ ಜಗ್ಗತೊಡಗಿದವು. ಮನಸ್ಸಿಗೆ ಕೆಲಸ ಇಲ್ಲದಂತಾಯಿತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಒಂದು ಮುಂಜಾನೆ ಹೊಳೆಯ ಮೇಲೆ ಮಂಜು ಹರಡಿತ್ತು. ದಂಡೆಗಳೆರಡೂ ಕಾಣುತ್ತಿರಲಿಲ್ಲ. ಮುಂದೆ ನಾಲ್ಕು ಮೊಳ ಹಗ್ಗ, ಹಿಂದೆ ನಾಲ್ಕು ಮೊಳ ಹಗ್ಗ, ಉಳಿದದ್ದೆಲ್ಲ ಬಿಳಿ.

ನಡುಹೊಳೆಯಲ್ಲಿ ಅವಳ ಕೈ ನಿಂತಿತು.

ಮಂಜಿನೊಳಗೆ ಅವಳಿಗೆ ಅಪ್ಪನ ಕಾಲು ಕಂಡಿತು. ಹೊರಗಿನಿಂದಲ್ಲ, ಒಳಗಿನಿಂದ. ಉದ್ದಕ್ಕೂ ನೂಲಿನಂಥ ಹಗ್ಗಗಳು. ಒಂದೊಂದು ಹಗ್ಗದ ಮೇಲೂ ಸಾವಿರಾರು ಪುಟ್ಟ ಹಮಾಲರು, ಎರಡೆರಡೇ ಪಾದದವರು, ತಲೆಯ ಮೇಲೆ ಗಂಟು ಹೊತ್ತು ನಡೆಯುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಅವರಲ್ಲೊಬ್ಬ ದಾರಿಯಲ್ಲೇ ಕೂತುಬಿಟ್ಟ. ಅವನ ಹಿಂದಿನವನೂ ಕೂತ. ದೂರದಲ್ಲಿ, ಕಾಲಿನ ಹೆಬ್ಬೆರಳಿನ ಊರಿನಲ್ಲಿ, ಯಾರೋ ಬಾಗಿಲು ತೆರೆದಿಟ್ಟು ದಾರಿ ನೋಡುತ್ತಿದ್ದರು.

ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಮಂಜು ಕರಗಿ ಬಿಸಿಲು ನೆತ್ತಿಗೆ ಚುರುಕು ಮುಟ್ಟಿಸಿದಾಗ ಎಚ್ಚರವಾಯಿತು. ಹರಗೋಲಿನ ತಳದಲ್ಲಿ ಜಿನುಗಿದ ನೀರಿನಲ್ಲಿ ಬುತ್ತಿ ನೆನೆದು ಹಿಟ್ಟಾಗಿತ್ತು.

ಅಯ್ಯೋ ಶಿವನೇ ಎಂದು ಗಡಬಡಿಸಿ ಜಗ್ಗಿ ಆಚೆ ದಂಡೆಗೆ ಬಂದಳು.

ನಿಂಗಜ್ಜ ಗುಡಿಸಲಿನ ಬಾಗಿಲಲ್ಲಿರಲಿಲ್ಲ. ತೆವಳಿಕೊಂಡು ನೀರಿನ ಅಂಚಿನವರೆಗೂ ಬಂದುಬಿಟ್ಟಿದ್ದ. ಮೊಣಕೈ ತರಚಿತ್ತು.

“ತಪ್ಪಾತು ಅಜ್ಜ. ನಿನಗ ಉಪಾಸ ಕೆಡವಿದೆ.”

“ಉಪಾಸ ಹಾಳಾಗಿ ಹೋಗ್ಲಿ” ಎಂದ ನಿಂಗಜ್ಜ. “ಮಂಜು ಸರಿದ ಮ್ಯಾಲ ನೋಡಿದ್ರ, ಹರಗೋಲು ನಡುಹೊಳ್ಯಾಗ ನಿಂತೈತಿ. ನೀ ಬರ್ತಿಯೋ, ಹೊಳ್ಳಿ ಹೋಗ್ತಿಯೋ, ಜೀವದಿಂದ ಇದ್ದಿಯೋ ಇಲ್ಲೋ, ಒಂದೂ ತಿಳೀಲಿಲ್ಲ. ಕೂಗಿದೆ. ನಿನಗ ಕೇಳಲಿಲ್ಲ. ಹಸಿವು ನನಗ ಹೊಸದಲ್ಲವ್ವ. ಹಿಂಗ ಕುಂಡ್ರೂದು ಬ್ಯಾಡವ್ವ ಬ್ಯಾಡ.”

ನೀಲಾಂಬಿಕೆ ಅಳುತ್ತಲೇ ಮಠಕ್ಕೆ ಮರಳಿದಳು.

ಅಜ್ಜಾರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿದರು. ಬೈಯಲಿಲ್ಲ.

“ಕನಸಿನ್ಯಾಗ ಕಂಡ ಆ ಹಮಾಲರು ಯಾರವ್ವ?”

“ಕನಸಲ್ರಿ, ಖರೇನ ಇರ್ತಾರ. ಎಲ್ಲರ ಮೈಯಾಗೂ. ಪ್ರೋಟೀನ್ ಅಂತೀವಿ. ಬೆನ್ನುಹುರಿಯಿಂದ ಕಾಲ್ಬೆರಳ ತನಕ ನರದಾಗ ಸಾಮಾನು ಹೊರ್ತಾವ. ನೀವು ಹಗ್ಗ ಜಗ್ಗೋದು ಹ್ಯಾಂಗ ಕಲಿಸಿದ್ರಿ, ಹಂಗ. ಒಂದು ಪಾದ ಊರಿದ ಮ್ಯಾಲ ಇನ್ನೊಂದು.”

ಅಜ್ಜಾರ ಕೈ ಹಿಟ್ಟಿನಲ್ಲೇ ನಿಂತಿತು. ಕಣ್ಣು ಅರಳಿತು.

“ಅಬಬಬ! ನನ್ನ ಮೈಯಾಗೂ ಹರಗೋಲು ಅದಾವೇನ? ಬಾಡಿಗಿ ಕೇಳಲಿಲ್ಲಲ್ಲ ಇಷ್ಟು ವರ್ಷ! ಬೆನ್ನಿಂದ ಬೆರಳಿಗೆ ಎಷ್ಟು ದಿನದ ದಾರಿ?”

“ಎಲ್ಲೂ ನಿಲ್ಲದಂಗ ನಡೆದ್ರೂ ಹತ್ತು ಹನ್ನೆರಡು ದಿನ.”

“ಪಾಪ” ಎಂದರು ಅಜ್ಜಾರು, ತಮ್ಮ ಪಾದವನ್ನು ನೋಡಿಕೊಳ್ಳುತ್ತ.

“ಆ ಹಮಾಲನ ಒಂದು ಭಾಗ ಹ್ಯಾಂಗ ಕಟ್ಟಬೇಕು ಅಂತ ಹೇಳೋ ಜೀನ್ ಒಂದು ಇರ್ತದ್ರಿ. ಕೆಐಎಫ್ ಫೈವ್ ಎ ಅಂತ ಅದರ ಹೆಸರು.”

“ರೈಲಿನ ನಂಬರ್ ಇದ್ದಂಗ ಐತಿ.”

ಅಳುವಿನ ನಡುವೆಯೂ ನೀಲಾಂಬಿಕೆಗೆ ನಗು ಬಂತು. ಮತ್ತೆ ಮುಖ ಬಾಡಿತು.

“ನಮ್ಮ ಮನಿಯೊಳಗ ಅದು ಕೆಟ್ಟದ. ಹಮಾಲ ನಡುದಾರ್ಯಾಗ ನಿಲ್ತಾನ. ನಲವತ್ತಕ್ಕ ನಮ್ಮಪ್ಪನ ಕಾಲು ಕಟಗಿಯಂಗ ಸೆಟೆದವು. ಆಮ್ಯಾಲ ಅಣ್ಣನವು. ನನಗ ಬಂದಿರಬಹುದು, ಬರದೇನೂ ಇರಬಹುದು. ಅರ್ಧಕ್ಕರ್ಧ. ಆ ಲಕೋಟ್ಯಾಗ ಅದ ಬರದೈತಿ.”

“ಓದಿ ನೋಡಬೇಕಿತ್ತಲ್ಲ?”

“ಧೈರ್ಯ ಇಲ್ರಿ ಅಜ್ಜಾರ. ಓದಿದ ಮ್ಯಾಲ ಓದಲಾರದಂಗ ಆಗಾಕ ಬರೂದಿಲ್ಲಲ್ರಿ?”

ಅಜ್ಜಾರು ರೊಟ್ಟಿಯನ್ನು ಹಂಚಿಗೆ ಹಾಕಿದರು. ಮೇಲೆ ನೀರು ಸವರಿದರು.

“ಮತ್ತ್ಯಾರಿಗೆ ತಿಳೀಬೇಕು ಈ ಮಾತು?”

ನೀಲಾಂಬಿಕೆ ನೆಲ ನೋಡಿದಳು.

“ಮಹಾರುದ್ರ ಅಂತ. ಧಾರವಾಡದ ಸಾಲ್ಯಾಗ ಚಿತ್ರಕಲಾ ಮಾಸ್ತರ. ಆರು ವರ್ಷದ ಪರಿಚಯ. ಲಗ್ನ ಆಗೂಣು ಅಂತ ಕೇಳಿದ.”

“ಏನಂದಿ?”

“ಏನೂ ಅನ್ನಲಿಲ್ರಿ. ಫೋನ್ ಬಂದ್ ಮಾಡಿ ಇಲ್ಲಿಗೆ ಬಂದೆ. ನಾಳೆ ಕಾಲು ಹೋಗೋಳನ್ನ ಕಟಗೊಂಡು ಅಂವ ಯಾಕ ಒದ್ದಾಡಬೇಕ್ರಿ?”

“ಅಂವಗ ಎಲ್ಲಾ ಹೇಳಿದಿ. ಅಂವ ಒಲ್ಲೆ ಅಂದ. ಹೌದಿಲ್ಲೋ?”

“ಇಲ್ರಿ. ಅಂವಗ ಏನೂ ಗೊತ್ತಿಲ್ರಿ.”

“ಹಂಗಾರ ಒಲ್ಲೆ ಅಂದವರು ಯಾರು?”

ಅಜ್ಜಾರು ರೊಟ್ಟಿಯನ್ನು ತಿರುವಿ ಹಾಕಿದರು.

“ನಿಮ್ಮಪ್ಪನ ಕಾಲಿಗೆ ಬುತ್ತಿ ಮುಟ್ಟಲಿಲ್ಲ. ಅದು ಯಾರ ತಪ್ಪವ್ವ?”

“ಯಾರದೂ ಅಲ್ರಿ. ಅಪ್ಪಂದೂ ಅಲ್ಲ.”

“ಇವತ್ತು ನಿಂಗಜ್ಜಗ ಮುಟ್ಟಲಿಲ್ಲಲ್ಲ?”

ನೀಲಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅದು ನಂದು.”

“ಹೂಂ” ಎಂದರು ಅಜ್ಜಾರು. “ಉಣ್ಣು. ಮಲಗು.”

ಮಧ್ಯಾಹ್ನವಿಡೀ ಅವಳು ಮಠದ ಕಟ್ಟೆಯ ಮೇಲೆ ಮಲಗಿ ಹೊಳೆ ನೋಡಿದಳು. ಖಾಲಿ ಹರಗೋಲು ಹಗ್ಗಕ್ಕೆ ಜೋತು ನಿಧಾನವಾಗಿ ತಿರುಗುತ್ತಿತ್ತು. ಅರೆನಿದ್ದೆಯಲ್ಲಿ ಮತ್ತೆ ಹಮಾಲರು ಬಂದರು. ಈ ಸಲ ಹಗ್ಗದ ಕೊನೆಯಲ್ಲಿ ದಾರಿ ಕಾಯುತ್ತಿದ್ದವರ ಮುಖ ಕಂಡಿತು. ಬಣ್ಣ ಮೆತ್ತಿದ ಬೆರಳುಗಳಿಂದ ಕಣ್ಣಿಗೆ ಬಿಸಿಲು ಮರೆ ಮಾಡಿಕೊಂಡು ಅವನು ಈ ಕಡೆಯೇ ನೋಡುತ್ತಿದ್ದ.

ಮರುದಿನ ಮುಂಜಾನೆ ಎಂದಿನಂತೆ ಬುತ್ತಿಗಾಗಿ ಅಡುಗೆಮನೆಗೆ ಬಂದಳು.

ಅಜ್ಜಾರು ಎರಡು ಬುತ್ತಿ ಕಟ್ಟಿದ್ದರು. ಒಂದನ್ನು ತಮ್ಮ ಹೆಗಲಿಗೆ ಹಾಕಿಕೊಂಡರು.

“ನಿಂಗಜ್ಜಗ ಇವತ್ತು ನಾ ಒಯ್ತೀನಿ.”

“ನಿಮ್ಮ ವಯಸ್ಸಿಗೆ ಹಗ್ಗ ಜಗ್ಗೂದಾಗತೈತೇನ್ರಿ?”

“ನನ್ನ ಹಮಾಲರು ಇನ್ನೂ ಗಟ್ಟಿ ಅದಾರ” ಎಂದು ನಕ್ಕರು. ಎರಡನೆಯ ಬುತ್ತಿಯನ್ನು ಅವಳ ಕೈಗಿಟ್ಟರು.

ಬಟ್ಟೆಯ ಒಳಗೆ ಬಿಸಿ ರೊಟ್ಟಿಗಳ ದುಂಡು. ಅದರ ಪಕ್ಕಕ್ಕೆ ಗಟ್ಟಿಯಾದ ಒಂದು ಚೌಕ ಅಂಚು ಬೆರಳಿಗೆ ತಾಗಿತು. ಅವಳು ಗೂಡಿನ ಕಡೆ ನೋಡಿದಳು. ಉಪ್ಪಿನ ಭರಣಿಯ ಹಿಂದೆ ಏನೂ ಇರಲಿಲ್ಲ.

“ದೀಕ್ಷಾ, ಅಜ್ಜಾರ?”

“ಮೊದಲ ಈ ಬುತ್ತಿ ಅಂವಗ ಮುಟ್ಟಸಿ ಬಾ. ಆಮ್ಯಾಲೂ ಬೇಕು ಅನಿಸಿದ್ರ ನಾ ಎಲ್ಲಿ ಹೋಗ್ತೀನಿ?”

ಧಾರವಾಡದ ಬಸ್ಸು ಏರಿಯ ಮೇಲೆ ಬಂದು ನಿಂತ ಸದ್ದು ಕೇಳಿಸಿತು. ನೀಲಾಂಬಿಕೆ ಅಜ್ಜಾರ ಪಾದ ಮುಟ್ಟಿದಳು. ಏರಿಯ ಬುಡದವರೆಗೆ ನಡೆದಳು. ನಿಂತಳು. ಅವಳ ಬೆರಳುಗಳು ಬುತ್ತಿಯ ಗಂಟಿನ ಮೇಲಿದ್ದವು.

“ಅಜ್ಜಾರ, ಬಸ್ಸಿನ್ಯಾಗ ಒಬ್ಬಾಕಿನ ಓದಿ, ಮನಸ್ಸು ಗಟ್ಟಿ ಮಾಡ್ಕೊಂಡು, ಆಮ್ಯಾಲ ಅಂವಗ ಹೇಳಲೇನ್ರಿ?”

ಅಜ್ಜಾರು ಆಗಲೇ ಹರಗೋಲಿನಲ್ಲಿ ಕೂತಿದ್ದರು. ಒಂದು ಕೈಯಿಂದ ಹಗ್ಗ ಹಿಡಿದರು. ಇನ್ನೊಂದು ಕೈ ಮುಂದಕ್ಕೆ ಚಾಚಿದರು.

“ನಡುಹೊಳ್ಯಾಗ ಗಂಟು ಬಿಚ್ಚಬ್ಯಾಡವ್ವ. ದಂಡಿ ಮುಟ್ಟಿದ ಮ್ಯಾಲ, ಇಬ್ಬರೂ ಕುಂತು ಬಿಚ್ರಿ.”