ಕಲ್ಲಿನ ಒಡೆದ ಮೂಲೆ

"ಗುರುಗಳೇ, ಇಲ್ಲಿ ಯಾವ ಪದ ಇತ್ತು ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಹಾಗಿದ್ದ ಮೇಲೆ ಈ ಕಂಸಗಳನ್ನು ಏಕೆ ಉಳಿಸಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಪ್ರಭಂಜನ. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳನ್ನು ಹಳೆಯ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸ. ಕಲ್ಲು ಒಡೆದು ಅಕ್ಷರ ಹೋದ ಕಡೆ, ಆ ಪುಸ್ತಕಗಳನ್ನು ಬರೆದವರು ತಮ್ಮ ಊಹೆಯನ್ನು ತುಂಬಿ ಅದರ ಎರಡೂ ಬದಿಗೆ ಚೌಕ ಕಂಸ ಹಾಕಿರುತ್ತಾರೆ. ಒಂದೇ ಪದದ ಅರ್ಧ ಕಂಸದ ಹೊರಗೆ, ಅರ್ಧ ಒಳಗೆ ಬಿದ್ದರೆ ಕಂಪ್ಯೂಟರು ಅದನ್ನು ಒಂದು ಪದವೆಂದು ಗುರುತಿಸುವುದಿಲ್ಲ. ಹುಡುಕಿದವರಿಗೆ ಅದು ಸಿಗುವುದಿಲ್ಲ. ಪ್ರಭಂಜನ ಹನ್ನೊಂದು ಸಾವಿರ ಶಾಸನಗಳನ್ನು ಏರಿಸಿದ್ದ. ಸೋಮವಾರ ಅವನ್ನು ವಿದ್ವಾಂಸರ ಬಳಕೆಗೆ ತೆರೆಯಬೇಕಿತ್ತು. ಕಂಸಗಳನ್ನೆಲ್ಲ ಒಮ್ಮೆಗೇ ಅಳಿಸುವ ಆಜ್ಞೆಯನ್ನು ಅವನು ಬರೆದಿಟ್ಟುಕೊಂಡಿದ್ದ. ಗುಂಡಿ ಒತ್ತುವುದಷ್ಟೇ ಬಾಕಿ.

"ಎಷ್ಟು ಹೊತ್ತಿನ ಕೆಲಸ ಅದು?" ಎಂದರು ಗುರುಗಳು.

"ಎರಡು ಸೆಕೆಂಡು."

"ಕತೆ ಅದಕ್ಕಿಂತ ಉದ್ದವಿದೆ. ಕೂತುಕೋ."

ಗುರುಗಳು ಹೇಳಿದ ಕತೆ ಇದು.

ಗ್ರೀಕರ ಒಂದು ದ್ವೀಪ. ಅಲ್ಲಿನ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸಿನ ಸಮಾಧಿಕಲ್ಲು ಇತ್ತು. ಅಮೃತಶಿಲೆಯದು. ಮೇಲೆ ಗ್ರೀಕಿನಲ್ಲಿ ಒಂದು ಸಾಲು, ಕೆಳಗೆ ಲ್ಯಾಟಿನ್ನಿನಲ್ಲಿ ಮೂರು ಸಾಲು. ಬಲಗಡೆಯ ಕೆಳಮೂಲೆ ಒಡೆದುಹೋಗಿತ್ತು.

ಒಬ್ಬ ಪಂಡಿತ ಅಲ್ಲಿಗೆ ಹೋದ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಅಕ್ಷರದ ಗುಳಿಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದ. ಒಣಗಿದ ಮೇಲೆ ಆ ಅಚ್ಚನ್ನು ಬಿಡಿಸಿಕೊಂಡು ಮನೆಗೆ ತಂದು ಓದಿದ. ಹೆಂಗಸಿನ ಹೆಸರು ಇತ್ತು. ಎಷ್ಟು ವರ್ಷ ಬದುಕಿದಳು ಎಂಬುದು ಇತ್ತು. ಕೊನೆಯ ಸಾಲಿನಲ್ಲಿ ವೈದ್ಯವೃತ್ತಿಯನ್ನು ಹೇಳುವ ಪದ ಶುರುವಾಗಿ, ಅದು ಮುಗಿಯುವ ಮೊದಲೇ ಕಲ್ಲು ಮುಗಿದಿತ್ತು. ಅವಳೇ ವೈದ್ಯೆಯೋ, ವೈದ್ಯನೊಬ್ಬನ ಹೆಂಡತಿಯೋ, ಉಳಿದ ಕಲ್ಲು ಹೇಳುತ್ತಿರಲಿಲ್ಲ. ಪಂಡಿತ 'ವೈದ್ಯನ ಹೆಂಡತಿ' ಎಂದು ಊಹಿಸಿದ. ಊಹಿಸಿದ್ದಷ್ಟನ್ನೂ ಕಂಸದೊಳಗಿಟ್ಟು ಪುಸ್ತಕದಲ್ಲಿ ಮುದ್ರಿಸಿದ. ಕೆಲವು ವರ್ಷಗಳ ಮೇಲೆ ತೀರಿಕೊಂಡ.

ಬಹಳ ಕಾಲದ ನಂತರ ದ್ವೀಪದ ವಸ್ತುಸಂಗ್ರಹಾಲಯದ ಗುಮಾಸ್ತನೊಬ್ಬ ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ. ಶ್ರದ್ಧೆಯ ಮನುಷ್ಯ. ಒಂದಕ್ಷರ ತಪ್ಪಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹುಡುಕಿದ ಪದ ಸಿಗುತ್ತಿಲ್ಲವೆಂದು ಓದುಗರು ದೂರು ಬರೆದರು. ಗುಮಾಸ್ತ ಕಂಸಗಳನ್ನೆಲ್ಲ ತೆಗೆದ. ಪದಗಳು ಸಿಗತೊಡಗಿದವು. ದೂರು ನಿಂತಿತು.

ಆ ಸಮಾಧಿಕಲ್ಲಿದ್ದ ಹಳ್ಳಿಯಲ್ಲೇ ಒಬ್ಬ ಸುಣ್ಣ ಸುಡುವವನಿದ್ದ. ಹಳೆಯ ಅಮೃತಶಿಲೆಯ ಚೂರುಗಳನ್ನು ಭಟ್ಟಿಗೆ ಹಾಕಿ ಸುಡುವುದು ಅವನ ಅಪ್ಪನ ಕಾಲದಿಂದ ಬಂದ ಕಸುಬು. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಕ್ಷರವಿರುವ ಚೂರು ಸಿಕ್ಕರೆ ಮೊದಲು ಸಂಗ್ರಹಾಲಯದಲ್ಲಿ ತೋರಿಸಬೇಕು. ಅವರು ಬೇಡವೆಂದರೆ ಮಾತ್ರ ಸುಡಬೇಕು.

ಒಂದು ದಿನ ತನ್ನ ಆಡಿನ ಕೊಟ್ಟಿಗೆಯ ಗೋಡೆಯನ್ನು ಹೊಸದಾಗಿ ಕಟ್ಟಲೆಂದು ಕೆಡವುವಾಗ ಅವನಿಗೆ ಎರಡು ಅಂಗೈ ಅಗಲದ ಚೂರೊಂದು ಸಿಕ್ಕಿತು. ಅಕ್ಷರಗಳಿದ್ದವು. ಅವುಗಳ ಮೇಲೆ ಗಾರೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬಟ್ಟೆಯಲ್ಲಿ ಸುತ್ತಿಕೊಂಡು ಗುಮಾಸ್ತನ ಬಳಿಗೆ ಹೋದ.

"ಸ್ವಾಮಿ, ಇದು ನಮ್ಮೂರಿನ ಕಲ್ಲಿಂದೇ ಇರಬೇಕು, ನೋಡಿ."

ಗುಮಾಸ್ತ ಹಳ್ಳಿಯ ಹೆಸರು ಕೊಟ್ಟು ಹುಡುಕಿದ. ಒಂದೇ ಕಲ್ಲು ಬಂತು. ನಾಲ್ಕು ಸಾಲೂ ಪೂರ್ತಿ ಇದ್ದವು.

"ನಿಮ್ಮೂರಿನ ಕಲ್ಲಿಗೆ ಒಂದಕ್ಷರವೂ ಕಮ್ಮಿ ಇಲ್ಲ."

"ಮೂಲೆ ಒಡೆದಿದೆಯಲ್ಲ ಸ್ವಾಮಿ. ದಿನಾ ನೋಡುತ್ತೇನೆ."

"ಮೂಲೆ ಒಡೆದಿರಬಹುದಪ್ಪ. ಬರಹ ಪೂರ್ತಿ ಇದೆ. ಅಕ್ಷರ ಅಕ್ಷರ ನಾನೇ ಟೈಪು ಮಾಡಿದ್ದೇನೆ. ಇಂಥ ಚೂರುಗಳು ಹಿಂದಿನ ಕೋಣೆಯಲ್ಲಿ ಮೂಟೆಗಟ್ಟಲೆ ಬಿದ್ದಿವೆ. ನೀನು ಯಾವಾಗಿನಿಂದ ಶಾಸನ ಓದಲು ಶುರುಮಾಡಿದೆ?"

ಗಾರೆ ತೊಳೆದು ನೋಡಬಹುದಿತ್ತು. ತೊಳೆಯಲು ಗುಮಾಸ್ತನಿಗೆ ಕಾರಣ ಕಾಣಲಿಲ್ಲ. ಸುಣ್ಣ ಸುಡುವವನು ಚೂರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಹೋದ.

ದೂರದ ಊರಿನಲ್ಲಿ ಒಬ್ಬ ಸಂಶೋಧಕಿ ಇದ್ದಳು. ಆ ಸಮಾಧಿಕಲ್ಲಿನ ಕಾಲದಲ್ಲಿ ಈ ದ್ವೀಪದಲ್ಲಿ ಹೆಂಗಸರೂ ವೈದ್ಯವೃತ್ತಿ ಮಾಡುತ್ತಿದ್ದರು ಎಂಬುದು ಅವಳ ವಾದ. ಅದಕ್ಕಾಗಿ ಹನ್ನೆರಡು ವರ್ಷ ಕೆಲಸ ಮಾಡಿದ್ದಳು. ಒಂದೇ ಒಂದು ಕಲ್ಲು ಸಾಕ್ಷಿ ಹೇಳಿದ್ದರೆ ವಾದ ಗಟ್ಟಿಯಾಗಿ ನಿಲ್ಲುತ್ತಿತ್ತು. ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿನಲ್ಲಿ ಈ ಕಲ್ಲು ಅವಳಿಗೂ ಸಿಕ್ಕಿತ್ತು. 'ವೈದ್ಯನ ಹೆಂಡತಿ' ಎಂದು ಓದಿ ಮುಂದಕ್ಕೆ ಹೋಗಿದ್ದಳು.

ಮತ್ತೇನನ್ನೋ ಹುಡುಕುವಾಗ ಪಂಡಿತನ ಕಾಗದದ ಅಚ್ಚು ಅವಳ ಕೈಗೆ ಬಂತು. ಅದರ ಮೂಲೆ ಖಾಲಿ ಇತ್ತು. ಮರುದಿನವೇ ಹಡಗು ಹತ್ತಿದಳು. ಹಳ್ಳಿಯಲ್ಲಿ ಕಲ್ಲನ್ನು ನೋಡಿದಳು. ಒಡೆದ ಅಂಚನ್ನು ಕೈಯಿಂದ ಸವರಿದಳು. ಇದರ ಚೂರು ಯಾರಿಗಾದರೂ ಸಿಕ್ಕಿದೆಯೇ ಎಂದು ಮನೆಮನೆಯಲ್ಲಿ ಕೇಳಿದಳು. ಜನ ಅವಳನ್ನು ಸುಣ್ಣದ ಭಟ್ಟಿಗೆ ಕಳಿಸಿದರು.

"ಸಿಕ್ಕಿತ್ತು ತಾಯಿ," ಎಂದ ಸುಣ್ಣ ಸುಡುವವನು. "ಬಟ್ಟೆಯಲ್ಲಿ ಸುತ್ತಿ ಒಯ್ದು ತೋರಿಸಿದೆ. ನಿಮ್ಮೂರಿನ ಕಲ್ಲಿಗೆ ಏನೂ ಕಮ್ಮಿ ಇಲ್ಲ ಅಂದರು. ಈಗ ನೀವು ಬಂದು ಕಮ್ಮಿ ಇದೆ ಅನ್ನುತ್ತೀರಿ. ಓದಿದವರು ಮೊದಲು ನಿಮ್ಮನಿಮ್ಮಲ್ಲೇ ಒಂದು ಮಾತಿಗೆ ಬನ್ನಿ."

"ಈಗ ಅದು ಎಲ್ಲಿದೆ?"

ಅವನು ಒಳಗೆ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಲೆಕ್ಕ ಪೂರ್ತಿಯಾಗದೆ ಪ್ರಭಂಜನನಿಗೆ ಸಮಾಧಾನವಿರಲಿಲ್ಲ.

"ಪಂಡಿತನ ಊಹೆ ಸರಿಯಾಗಿದ್ದರೆ ಗುಮಾಸ್ತನಿಂದ ನಷ್ಟವೇನೂ ಆಗಿಲ್ಲ, ಗುರುಗಳೇ. ಕಂಸ ಇದ್ದರೂ ಅದೇ ಪದ, ಇಲ್ಲದಿದ್ದರೂ ಅದೇ ಪದ. ಕೊನೆಗೆ ಅವಳು ಏನಾಗಿದ್ದಳು? ವೈದ್ಯೆಯೋ, ಹೆಂಡತಿಯೋ?"

ಗುರುಗಳು ಹೇಳಿದರು: "ಅದನ್ನು ಹೇಳಬೇಕಾಗಿದ್ದ ಮೂಲೆ ಈಗ ಆ ಆಡಿನ ಕೊಟ್ಟಿಗೆಯ ಗೋಡೆಗೆ ಬಳಿದ ಸುಣ್ಣ."