ಶಿಲುಬೆಯ ಹಿಂದಿನ ಹಲ್ಲಿ

ಬೆನೆಡಿಕ್ಟಾ ಬಾಯಿಯ ಮನೆಯ ಗೋಡೆಯಲ್ಲಿ ಮರದ ಶಿಲುಬೆ, ಅದರ ಕೆಳಗೊಂದು ಪುಟ್ಟ ದೀಪ. ಕಳೆದ ವರ್ಷ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿಯನ್ನು ಆಕೆ ಶಿಲುಬೆಯ ಹಿಂದೆ ಸಿಕ್ಕಿಸಿದ್ದಳು. ಅಲ್ಲೇ ಒಂದು ಹಲ್ಲಿಯೂ ಬಿಡಾರ ಹೂಡಿತ್ತು. ದೀಪಕ್ಕೆ ಬರುವ ಹುಳುಗಳಿಗೆ ಅದು ಮಾಡುವ ಉಪದೇಶ ಕೇಳಿ ಕೇಳಿ ಗರಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ರೆಕ್ಕೆ ಹರಿದ ಪತಂಗವೊಂದು ದೀಪದ ಬಳಿ ಬಂದು ಕೂತಿತು. “ಗುರುಗಳೇ, ಎಷ್ಟು ಪ್ರಾರ್ಥಿಸಿದರೂ ನೋವು ಹೋಗುತ್ತಿಲ್ಲ.”

“ನಿನ್ನ ನಂಬಿಕೆ ಸಾಲದು ಮಗಳೇ,” ಎಂದಿತು ಹಲ್ಲಿ. “ಕಣ್ಣು ಮುಚ್ಚಿ ಹತ್ತಿರ ಬಾ. ಇನ್ನೂ ಹತ್ತಿರ.”

ಗರಿಗೆ ತಡೆಯಲಾಗಲಿಲ್ಲ. ಒಣಗಿದ ಮೈ ಝಾಡಿಸಿ, ಶಿಲುಬೆಯ ಹಿಂದಿನಿಂದ ಅರ್ಧ ಜಾರಿ ಹಲ್ಲಿಯ ಮೂತಿಗೇ ಬಡಿಯಿತು. ಪತಂಗ ಬೆಚ್ಚಿಬಿದ್ದು, ಹರಿದ ರೆಕ್ಕೆಯಲ್ಲೇ ಹಾರಿಹೋಯಿತು.

“ಪಾಪಿ! ಬಂದವಳನ್ನು ಶಿಲುಬೆಯಿಂದ ಓಡಿಸಿದೆಯಲ್ಲ!”

“ಶಿಲುಬೆಯಿಂದಲ್ಲ, ನಿನ್ನ ಬಾಯಿಂದ! ವರ್ಷವಿಡೀ ನೋಡಿಕೊಂಡು ಸುಮ್ಮನಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ!”

ಹಲ್ಲಿ ನಕ್ಕಿತು. “ಬೂದಿ ಬುಧವಾರ ಬಂತು, ಎಲ್ಲರ ಹಣೆಗೆ ಹಳೆಯ ಗರಿಗಳ ಬೂದಿ ಹಚ್ಚುವ ದಿನ. ನಾಳೆ ನಿನ್ನನ್ನು ಚರ್ಚಿಗೆ ಒಯ್ದು ಸುಡುತ್ತಾರೆ. ನಾನು ಇಲ್ಲೇ ಇರುತ್ತೇನೆ.”

“ಸುಡಲಿ. ಬೂದಿಯಾಗಿ ಹಣೆಯ ಮೇಲೆ ಕೂತು, ನೀನು ಮಣ್ಣು ಎಂದು ಮುಖಕ್ಕೇ ಹೇಳುತ್ತೇನೆ. ನಿನ್ನ ಹಾಗೆ ಶಿಲುಬೆಯ ಹಿಂದೆ ಅಡಗಿಕೊಂಡು ಹೇಳುವುದಿಲ್ಲ.”

ಬೆಳಿಗ್ಗೆ ಬೆನೆಡಿಕ್ಟಾ ಬಾಯಿ ಶಿಲುಬೆ ಇಳಿಸಿದಾಗ ಹಲ್ಲಿ ಬಾಲ ಉದುರಿಸಿ ಓಡಿತು. ಗರಿಯ ಸಂದುಸಂದಿನಲ್ಲೂ ಪತಂಗಗಳ ರೆಕ್ಕೆಗಳು ಸಿಕ್ಕಿಕೊಂಡಿದ್ದವು. ಆಕೆ ಎಷ್ಟು ಕೊಡವಿದರೂ ಗರಿ ಒಂದನ್ನೂ ಬಿಟ್ಟುಕೊಡಲಿಲ್ಲ.

ಬುಧವಾರ ಊರವರೆಲ್ಲ ಹಣೆಗೆ ಹಚ್ಚಿಸಿಕೊಂಡ ಬೂದಿಯಲ್ಲಿ ಆ ರೆಕ್ಕೆಗಳೂ ಇದ್ದವು.